ಡಕೋಟಾ ಸೈಕಲ್ಲಿನ ಅರ್ಥಶಾಸ್ತ್ರ

ಬೆಂಗಳೂರಿನಲ್ಲಿ ನಾನು ವಾಸವಾಗಿರುವ ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ಹದಿನೇಳು ಸೈಕಲ್‌ಗಳು ವರ್ಷಗಳಿಂದ ದೂಳು ಹಿಡಿದು ನಿಂತಿದ್ದವು. ಕಾರುಗಳಿಗೆ ಜಾಗ ಸಾಲದೆ ಬಂದಾಗ ಅವನ್ನು ಗುಜರಿಗೆ ಹಾಕಲು ನಿವಾಸಿಗಳ ಸಭೆ ತೀರ್ಮಾನಿಸಿತು. ಗುಜರಿ ವ್ಯಾಪಾರಿ ಅವುಗಳಿಗೆ ಕಬ್ಬಿಣದ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಿದ್ದುದನ್ನು ನೋಡುತ್ತ ನಿಂತಿದ್ದ ನಾನು, ಅದೇ ದರಕ್ಕೆ ನಾಲ್ಕನ್ನು ಕೊಂಡೆ. ನಾಲ್ಕನ್ನೂ ಬಿಚ್ಚಿ ಒಂದನ್ನು ಕಟ್ಟಿದೆ. ಕಳೆದ ಎರಡು ವರ್ಷಗಳಿಂದ ಗ್ರಂಥಾಲಯಕ್ಕೆ, ಬ್ಯಾಂಕಿಗೆ, ತರಕಾರಿ ಅಂಗಡಿಗೆ ಹೋಗಲು ಅದೇ ನನ್ನ ವಾಹನ.

ನೋಡಲು ಅದು ಚೆಂದವಿಲ್ಲ. ಚೌಕಟ್ಟು ಒಂದು ಸೈಕಲ್ಲಿನದು, ಹ್ಯಾಂಡಲ್ ಮತ್ತು ಕಂಬಿ ಬ್ರೇಕು ಇನ್ನೊಂದರದು, ಹಿಂದಿನ ಚಕ್ರ ಮತ್ತೊಂದರದು. ಹರಿದ ಸೀಟಿಗೆ ಹಳೆಯ ಟ್ಯೂಬು ಸುತ್ತಿದೆ. ಕ್ಯಾರಿಯರ್ ಮೇಲೆ ಹಣ್ಣಿನ ಅಂಗಡಿಯವರು ಎಸೆದ ಪ್ಲಾಸ್ಟಿಕ್ ಪೆಟ್ಟಿಗೆಯಿದೆ. ಮೊಮ್ಮಗಳು ಅದಕ್ಕೆ ‘ಡಕೋಟಾ’ ಎಂದು ನಾಮಕರಣ ಮಾಡಿದ್ದಾಳೆ.

ಬೇರೆ ಬೇರೆ ಕಂಪನಿಗಳ ಸೈಕಲ್‌ಗಳಿಂದ ಒಂದನ್ನು ಕಟ್ಟಲು ಸಾಧ್ಯವಾದದ್ದು ನನ್ನ ಜಾಣ್ಮೆಯಿಂದಲ್ಲ. ಬ್ರಿಟಿಷರ ಕಾಲದ ಮಾದರಿಯನ್ನು ಅನುಸರಿಸಿದ ನಮ್ಮ ಹಳೆಯ ಕಪ್ಪು ಸೈಕಲ್‌ಗಳಿಗೆ ಅಳತೆಗಳು ಬಹುಮಟ್ಟಿಗೆ ಒಂದೇ ಆಗಿದ್ದವು. 28 ಇಂಚಿನ ಚಕ್ರ, ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ, ಹಿಂದಿನ ಗಾಲಿಯಲ್ಲಿ ಕಾಲಿಂಚಿನ ಗುಂಡುಗಳು. ತಯಾರಕರು ಯಾರೇ ಆಗಿರಲಿ, ಊರಿನ ಯಾವ ಸೈಕಲ್ ಷಾಪಿನಲ್ಲಾದರೂ ಬಿಡಿಭಾಗ ಸಿಗುತ್ತಿತ್ತು. ದುರಸ್ತಿಗೆ ಕಂಪನಿಯ ಅಪ್ಪಣೆ ಬೇಕಿರಲಿಲ್ಲ. ಇಂದಿನ ಆಕರ್ಷಕ ಸೈಕಲ್‌ಗಳಲ್ಲಿ ಈ ಸಮಾನತೆ ಉಳಿದಿಲ್ಲ.

ನನಗೆ ಈ ಕೆಲಸ ಕಲಿಸಿದವರು ನಮ್ಮ ರಸ್ತೆಯ ಮಳೆಮರದ ಕೆಳಗೆ ಪೆಟ್ಟಿಗೆಯಿಟ್ಟುಕೊಂಡು ಕೂರುವ ಹಿರಿಯರೊಬ್ಬರು. ಪೆಡಲಿನ ತೋಳನ್ನು ಬಿಗಿಹಿಡಿಯುವ ಕಾಟರ್ ಪಿನ್ನನ್ನು ಹಾಳುಮಾಡದೆ ಹೊರತೆಗೆಯುವುದು, ಡೊಂಕಾದ ಚಕ್ರವನ್ನು ಕಡ್ಡಿ ಬಿಗಿದು, ಸಡಿಲಿಸಿ ನೇರ ಮಾಡುವುದು ಅವರಿಂದ ಕಲಿತ ವಿದ್ಯೆ. ಅವರದು ಒಂದೇ ನಿಯಮ: ಬಣ್ಣಕ್ಕೆ ಖರ್ಚು ಮಾಡಬೇಡಿ, ಬ್ರೇಕಿಗೆ, ಟೈರಿಗೆ, ಸರಪಣಿಗೆ ಮಾಡಿ. ಚೌಕಟ್ಟಿನಲ್ಲಿ ಬಿರುಕು ಕಂಡರೆ ಮಾತ್ರ ಮೋಹ ಬಿಟ್ಟು ಗುಜರಿಗೆ ಹಾಕಿ. ಗುಜರಿಯವನ ದರ, ಹೊಸ ಬಿಡಿಭಾಗ, ಅವರ ಕೂಲಿ ಎಲ್ಲ ಸೇರಿ ನನಗೆ ತಗುಲಿದ್ದು 3,950 ರೂಪಾಯಿ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ವಾಹನ ಒಂದು ಪಾಠ ಹೇಳಿಕೊಟ್ಟಿತು. ನೆಲಮಾಳಿಗೆಯಲ್ಲಿದ್ದ ದುಬಾರಿ ಸೈಕಲ್‌ಗಳ ಮಾಲೀಕರನ್ನು ವಿಚಾರಿಸಿದಾಗ, ಕಳವಿನ ಭಯದಿಂದ ಅವನ್ನು ಹೊರಗೆ ಒಯ್ಯುತ್ತಿರಲಿಲ್ಲವೆಂದು ಹಲವರು ಹೇಳಿದರು. ಬೆಲೆಯೇ ಬಳಕೆಗೆ ಅಡ್ಡಿಯಾಗಿತ್ತು. ನನ್ನದನ್ನು ಗ್ರಂಥಾಲಯದ ಬೇಲಿಗೆ ಒರಗಿಸಿ ಮೂರು ತಾಸು ಓದಿ ಬಂದರೂ ಯಾರೂ ಮುಟ್ಟುವುದಿಲ್ಲ. ಲೆಕ್ಕಪತ್ರದಲ್ಲಿ ಅದರ ಮೌಲ್ಯ ಸೊನ್ನೆ, ಉಪಯುಕ್ತತೆ ಪೂರ್ಣ. ವಸ್ತುವಿನ ಬೆಲೆಯನ್ನೂ ಅದರಿಂದ ದೊರೆಯುವ ಸೇವೆಯನ್ನೂ ಒಂದೇ ಎಂದು ಭಾವಿಸುವುದು ತಪ್ಪು.

ಈ ತಪ್ಪನ್ನು ನಾನೇ ಅಧಿಕಾರದಲ್ಲಿದ್ದಾಗ ಮಾಡಿದ್ದೇನೆ. ಕರ್ನಾಟಕದಲ್ಲಿ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾದಾಗ ನಾನು ಜಿಲ್ಲೆಯೊಂದರಲ್ಲಿದ್ದೆ. ಪ್ರಗತಿ ಪರಿಶೀಲನೆಗೆ ನಾನು ಸಿದ್ಧಪಡಿಸಿದ ನಮೂನೆಯಲ್ಲಿ ಮಂಜೂರಾದವು, ಬಂದವು, ವಿತರಿಸಿದವು ಎಂಬ ಮೂರು ಅಂಕಣಗಳಿದ್ದವು. ಮೂರನೆಯದು ತುಂಬಿದರೆ ಕೆಲಸ ಮುಗಿಯಿತೆಂದು ನಂಬಿದ್ದೆ. ಮರುವರ್ಷ ಹಳ್ಳಿಯೊಂದರ ಶಾಲೆಗೆ ಹೋದಾಗ, ಬಾಲಕಿಯೊಬ್ಬಳು ನಾಲ್ಕು ಕಿಲೋಮೀಟರ್ ನಡೆದು ಬರುತ್ತಿದ್ದುದು ತಿಳಿಯಿತು. ‘ಸೈಕಲ್ ಬರಲಿಲ್ಲವೆ?’ ಎಂದು ಕೇಳಿದೆ. ‘ಬಂತು ಸಾರ್, ಫ್ರೀವೀಲ್ ಹೋಗಿದೆ’ ಎಂದಳು. ರಿಪೇರಿ ಮಾಡುವವರು ಇದ್ದದ್ದು ಹನ್ನೆರಡು ಕಿಲೋಮೀಟರ್ ದೂರದ ಪೇಟೆಯಲ್ಲಿ. ‘ಓಡುತ್ತಿರುವವು’ ಎಂಬ ನಾಲ್ಕನೆಯ ಅಂಕಣ ನನ್ನ ನಮೂನೆಯಲ್ಲಿ ಇರಲೇ ಇಲ್ಲ.

ಯೋಜನೆಯೇ ವ್ಯರ್ಥವೆಂದು ಇದರ ಅರ್ಥವಲ್ಲ. ಬಿಹಾರದಲ್ಲಿ 2006ರಲ್ಲಿ ಪ್ರೌಢಶಾಲಾ ಬಾಲಕಿಯರಿಗಾಗಿ ಆರಂಭವಾದ ಸೈಕಲ್ ಯೋಜನೆಯನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. 2017ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಬಾಲಕಿಯರ ದಾಖಲಾತಿ ಶೇ 32ರಷ್ಟು ಹೆಚ್ಚಿತು. ಶಾಲೆ ದೂರವಿದ್ದ ಊರುಗಳಲ್ಲಿ ಪರಿಣಾಮ ಇನ್ನೂ ಹೆಚ್ಚು. ಸೈಕಲ್ ಇಷ್ಟು ಮಾಡಬಲ್ಲುದಾದರೆ, ಅದು ಕೆಟ್ಟು ನಿಂತ ದಿನ ಆಗುವ ನಷ್ಟವೂ ಅಷ್ಟೇ ದೊಡ್ಡದು.

2011ರ ಜನಗಣತಿಯಂತೆ ದೇಶದ ಶೇ 44.8ರಷ್ಟು ಕುಟುಂಬಗಳಲ್ಲಿ ಸೈಕಲ್ ಇತ್ತು. ಸ್ಕೂಟರ್, ಮೋಟಾರ್ ಸೈಕಲ್, ಮೊಪೆಡ್ ಇದ್ದದ್ದು ಶೇ 21ರಲ್ಲಿ. ಆದರೆ ಇದು ‘ಇದೆಯೇ?’ ಎಂಬ ಪ್ರಶ್ನೆಗೆ ದೊರೆತ ಉತ್ತರ. ‘ಓಡುತ್ತಿದೆಯೇ?’ ಎಂಬುದು ಬೇರೆಯೇ ಪ್ರಶ್ನೆ.

ಪಿಂಚಣಿ ಪಡೆಯುವವನ ಹವ್ಯಾಸವನ್ನು ಬಡವರ ಅನಿವಾರ್ಯತೆಗೆ ಹೋಲಿಸಬಾರದು ಎಂಬ ಆಕ್ಷೇಪ ಬರಬಹುದು. ಅದು ನ್ಯಾಯವಾದುದೇ. ಒಮ್ಮೆ ಅಂಗಡಿ ಸಂಕೀರ್ಣವೊಂದರ ಕಾವಲುಗಾರ ನನ್ನನ್ನು ತಡೆದು, ಇಲ್ಲಿ ಸೈಕಲ್ ನಿಲ್ಲಿಸುವಂತಿಲ್ಲ ಎಂದ. ಆತನ ಸೈಕಲ್ ಹಿಂಬದಿಯ ಗೋಡೆಗೆ ಒರಗಿತ್ತು. ಅದನ್ನೂ ಮುಂಬಾಗಿಲಿಗೆ ತರುವಂತಿರಲಿಲ್ಲವಂತೆ. ನಾನು ಮರುದಿನ ಕಾರಿನಲ್ಲಿ ಹೋಗಬಲ್ಲೆ, ಆತ ಹೋಗಲಾರ. ಆದ್ದರಿಂದಲೇ ಇದು ಹವ್ಯಾಸದ ಮಾತಲ್ಲ.

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಮುಂದೆ ಯಾವ ಸರ್ಕಾರ ಸೈಕಲ್ ಹಂಚಿದರೂ ಬಿಡಿಭಾಗಕ್ಕೆ ಮತ್ತು ದುರಸ್ತಿಗೆ ಒಂದು ಪಾಲನ್ನು ಮೊದಲೇ ತೆಗೆದಿಡಬೇಕು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಬ್ಬರಿಗಾದರೂ ಈ ಕೆಲಸ ಕಲಿಸಿ, ಒಂದು ಜೊತೆ ಉಪಕರಣ ಕೊಡಬೇಕು. ಶಾಲೆ, ವಸತಿ ಸಮುಚ್ಚಯಗಳಲ್ಲಿ ಬಿದ್ದಿರುವ ಸೈಕಲ್‌ಗಳನ್ನು ಗುಜರಿಗೆ ಹಾಕುವ ಮುನ್ನ ಒಬ್ಬ ಮೆಕ್ಯಾನಿಕ್‌ಗೆ ತೋರಿಸಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಬೀದಿಯಲ್ಲಿ ಸಾರ್ವಜನಿಕರಿಗೆ ಸೇವೆ ಒದಗಿಸುವವರನ್ನೂ ಒಳಗೊಳ್ಳುತ್ತದೆ. ಪಾದಚಾರಿ ಮಾರ್ಗದ ಸೈಕಲ್ ಮೆಕ್ಯಾನಿಕ್ ಅತಿಕ್ರಮಣಕಾರನಲ್ಲ. ನಡೆಯುವವರಿಗೆ ಅಡ್ಡಿಯಾಗದಂತೆ ಅವನಿಗೊಂದು ಜಾಗ ಗುರುತಿಸುವುದು ನಗರಾಡಳಿತದ ಹೊಣೆ. 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು ಸ್ವಾಗತಾರ್ಹ. ಆದರೆ ಅಗ್ಗವಾದ ಬಿಡಿಭಾಗವನ್ನು ಜೋಡಿಸುವ ಕೈ ಬೇಕಲ್ಲವೆ?

ಮಳೆಮರದ ಕೆಳಗಿನ ಹಿರಿಯರಿಗೆ ಶಿಷ್ಯರಿಲ್ಲ. ಮಗ ಟ್ಯಾಕ್ಸಿ ಓಡಿಸುತ್ತಾನೆ. ತಮ್ಮ ನಂತರ ಪೆಟ್ಟಿಗೆಯೂ ಗುಜರಿಗೇ ಎಂದು ಅವರು ನಗುತ್ತ ಹೇಳುತ್ತಾರೆ. ನಾನು ಕೊಳ್ಳದೆ ಬಿಟ್ಟ ಹದಿಮೂರು ಸೈಕಲ್‌ಗಳು ಅಂದೇ ಲಾರಿ ಏರಿದವು. ಅವುಗಳಲ್ಲಿ ನಾಲ್ಕೈದಾದರೂ ಒಂದು ದಿನದ ಕೆಲಸದಲ್ಲಿ ಓಡುವಂತಾಗುತ್ತಿದ್ದವೆಂದು ಈಗ ನನಗೆ ಗೊತ್ತು. ಅಂದು ಸಭೆಯಲ್ಲಿದ್ದ ನಮ್ಮಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.