ಯಾವ ಲೋಹವೆಂದು ಕೇಳದ ಯಂತ್ರ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಊರಿಗೊಂದು ಆರ್‌ಒ ಘಟಕವನ್ನು ನಿಲ್ಲಿಸಿ, ನಾಣ್ಯ ಹಾಕಿದವನ ಕೊಡ ತುಂಬುವಂತೆ ಮಾಡಿಬಿಟ್ಟರೆ ಕುಡಿಯುವ ನೀರಿನ ಸಮಸ್ಯೆ ತೀರಿತೆಂದು ಸಾರುತ್ತಿರುವವರನ್ನು ನಾನು ಕೇಳುವುದು ಒಂದೇ ಪ್ರಶ್ನೆ: ಯಂತ್ರವನ್ನು ಕೊಳ್ಳುವ ಮುನ್ನ, ಆ ಊರಿನ ಕೊಳವೆಬಾವಿಯಲ್ಲಿ ಯಾವ ಅಯಾನು ಎಷ್ಟಿದೆಯೆಂದು ಅಳೆದವರಾರು? ಆಳಂದ, ಅಫಜಲಪುರಗಳ ಎರೆಮಣ್ಣಿನ ಅಡಿಯಲ್ಲಿರುವುದು ದಖ್ಖನಿನ ಕರಿಶಿಲೆ. ಜೇವರ್ಗಿಯ ಕಡೆಗೆ ಸಾಗಿದರೆ ಭೀಮಾತೀರದ ಸುಣ್ಣಕಲ್ಲು. ಇವುಗಳ ಬಿರುಕುಗಳಲ್ಲಿ ಇಳಿದು ಬರುವ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಂದ ಗಡುಸಾಗುವುದು ಸಹಜ. ನೆರೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿಯಾದರೋ ನೀರಿನೊಳಗಿನ ಆರ್ಸೆನಿಕ್ ಬಡಜನರ ಅಂಗೈ ಅಂಗಾಲುಗಳನ್ನು ವ್ರಣಗೊಳಿಸಿತು. ಈ ಎರಡಕ್ಕೂ ಒಂದೇ ಔಷಧವೆ?

ಆರ್‌ಒ ಪೊರೆಯು ವಿಷವನ್ನೂ ಪೋಷಕವನ್ನೂ ವಿವೇಚಿಸದೆ ತಡೆದು, ಶುದ್ಧವಾದಷ್ಟೇ ನೀರನ್ನು, ಎಷ್ಟೋ ಕಡೆ ಅದಕ್ಕಿಂತಲೂ ಹೆಚ್ಚನ್ನು, ಲವಣಭರಿತವಾಗಿ ಚರಂಡಿಗೆ ಚೆಲ್ಲುತ್ತದೆ. ಬೇಸಗೆಯಲ್ಲಿ ಭೀಮೆಯೇ ಬತ್ತುವ ಸೀಮೆಯಲ್ಲಿ ಅರ್ಧ ನೀರನ್ನು ಚೆಲ್ಲುವುದು ಅಪರಾಧ! ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಕರಗಿದ ಘನಾಂಶವಿರುವಲ್ಲಿ ಆರ್‌ಒ ಕೂಡದೆಂದೂ, ಉಳಿದೆಡೆ ಕನಿಷ್ಠ ನೂರಕ್ಕೆ 60 ಪಾಲು ನೀರು ದಕ್ಕಬೇಕೆಂದೂ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2019ರಲ್ಲಿಯೇ ನುಡಿಯಿತು. ನಮ್ಮ ಘಟಕಗಳ ಚರಂಡಿಗೆ ಆ ನುಡಿ ಕೇಳಿಸಿದಂತಿಲ್ಲ.

ಲೋಹವನ್ನು ಆಯ್ದು ಹಿಡಿಯುವ ರಾಳಗಳಾದ ಕೀಲೇಟಿಂಗ್ ಪಾಲಿಮರ್‌ಗಳ ಮಾರ್ಗ ಬೇರೆ. ಪಾಲಿಸ್ಟೈರೀನಿನ ಸಣ್ಣ ಮಣಿಗಳಿಗೆ ಇಮಿನೋಡೈಅಸಿಟಿಕ್ ಆಮ್ಲದ ಗುಂಪುಗಳನ್ನು ಬೆಸೆದರೆ, ಅವು ಏಡಿಯ ಕೊಂಡಿಗಳಂತೆ ತಾಮ್ರ, ನಿಕಲ್, ಸೀಸಗಳನ್ನು ಆಯ್ದು ಹಿಡಿದು ಸೋಡಿಯಮನ್ನು ಹೋಗಗೊಡುತ್ತವೆ. ಅಮಿಡಾಕ್ಸೈಮ್ ಗುಂಪು ಯುರೇನಿಯಮ್ಮಿಗೆ, ಗಂಧಕದ ಗುಂಪು ಪಾದರಸಕ್ಕೆ. ರಾಳದಲ್ಲಿ ಕಬ್ಬಿಣವನ್ನು ನೆಲೆಗೊಳಿಸಿದರೆ ಆರ್ಸೆನಿಕ್ಕೂ ಸೆರೆಯಾಗುತ್ತದೆ. ಲೋಹ ತುಂಬಿದ ಮಣಿಗಳನ್ನು ಆಮ್ಲದಿಂದ ತೊಳೆದು ಮತ್ತೆ ಬಳಸಬಹುದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಪೈಪೋಟಿಗೆ ನಿಲ್ಲುತ್ತದೆಯೆಂಬುದು ದಿಟ. ಆದುದರಿಂದಲೇ ಪರೀಕ್ಷೆಯು ಪರದೇಶದ ಬಟ್ಟಿಯಿಳಿಸಿದ ನೀರಿನಲ್ಲಲ್ಲ, ನಮ್ಮ ಕೊಳವೆಬಾವಿಯ ನೀರಿನಲ್ಲಿಯೇ ನಡೆಯತಕ್ಕದ್ದು.

ಇದಕ್ಕೆ ವಿದ್ಯಾಸ್ಥಾನಗಳ ಕೊರತೆಯೆ? ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ. ಕೇಂದ್ರೀಯ ವಿಶ್ವವಿದ್ಯಾಲಯವಂತೂ 2009ರಲ್ಲಿ ಸ್ಥಾಪಿತವಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ ನೆಲೆಸಿದೆ. ಈ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ನಂಜುಂಡಪ್ಪ ಸಮಿತಿ ಬರೆದದ್ದು 2002ರಲ್ಲಿ. ತರುವಾಯ ಸಂವಿಧಾನದ 371(ಜೆ) ವಿಧಿ ಬಂತು, ಅಭಿವೃದ್ಧಿ ಮಂಡಳಿ ಬಂತು, ಹಣ ಬಂತು. ಬೆಂಗಳೂರಿನಲ್ಲಿ ನಲ್ಲಿಯ ನೀರು ಕೆಂಪಾದರೆ ಮರುದಿನವೇ ತಜ್ಞರು ಧಾವಿಸುತ್ತಾರೆ. ನಮ್ಮ ಹೆಣ್ಣುಮಕ್ಕಳು ಕೊಡ ಹೊತ್ತು ತರುವ ನೀರಿನಲ್ಲೇನಿದೆಯೆಂದು ತಿಳಿಸುವ ಹಲಗೆಯೊಂದನ್ನು ಪಂಚಾಯತಿಯ ಗೋಡೆಗೆ ತೂಗುಹಾಕುವ ಕಾಳಜಿಯೂ ಇಲ್ಲ.

ಹೊಸ ಘಟಕಗಳ ಟೆಂಡರನ್ನು ತಡೆಹಿಡಿಯಿರಿ. ಮೊದಲು ಪ್ರತಿ ಕೊಳವೆಬಾವಿಯ ಸೀಸ, ಆರ್ಸೆನಿಕ್, ಯುರೇನಿಯಂಗಳನ್ನು ಅಳೆದು ಕನ್ನಡದಲ್ಲಿ ಪ್ರಕಟಿಸಿರಿ. ದೋಷ ಕಂಡಲ್ಲಿ ಆ ದೋಷಕ್ಕೊಪ್ಪುವ ರಾಳದ ಕೊಳವೆಯನ್ನು ನಿಲ್ಲಿಸಿ, ಅದನ್ನು ತೊಳೆದ ಆಮ್ಲವನ್ನು ಯಾರು, ಎಲ್ಲಿಗೆ ಒಯ್ಯುವರೆಂಬುದನ್ನು ಕರಾರಿನಲ್ಲಿಯೇ ಬರೆಯಿರಿ.