ಗಲೀಸಿಯಾದ ಸ್ತ್ರೀರತ್ನಗಳು

ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಸಾಗರದ ತಡಿಯಲ್ಲಿ, ಗಲೀಸಿಯಾ ಎಂಬುದೊಂದು ಪ್ರಾಂತವುಂಟು. ಅಲ್ಲಿಯ ವೀರವನಿತೆ ಯಾರೆಂದು ಕೇಳಿದರೆ ಜನರು ಮೊದಲು ಮರಿಯಾ ಪಿತಾಳ ಹೆಸರನ್ನೇ ಹೇಳುವರು. 1589ರಲ್ಲಿ ಆಂಗ್ಲರ ನೌಕಾಸೇನೆಯು ಲಾ ಕೊರುನ್ಯಾ ಪಟ್ಟಣವನ್ನು ಮುತ್ತಿದಾಗ, ಆ ಕಾಳಗದಲ್ಲಿ ಪತಿಯನ್ನು ಕಳೆದುಕೊಂಡ ಆಕೆ ಎದೆಗೆಡದೆ ಊರಿನವರನ್ನು ಹುರಿದುಂಬಿಸಿ ಹೋರಾಡಿದಳು. ದೊರೆಯಿಂದ ವರ್ಷಾಶನವೂ ದೊರೆಯಿತು. ಮುಂದೆ ಆಕೆ ನ್ಯಾಯಸ್ಥಾನಗಳಲ್ಲಿ ಹೂಡಿದ ವ್ಯಾಜ್ಯಗಳೂ ಹಲವು. ವಕೀಲಿ ವೃತ್ತಿಯ ನಮಗೆ ಅದೂ ಒಂದು ಬಗೆಯ ಶೌರ್ಯವಾಗಿಯೇ ತೋರುತ್ತದೆ!

ಕತ್ತಿಯ ಶೌರ್ಯಕ್ಕೆ ಮನ್ನಣೆ ಬೇಗ ಸಲ್ಲುವುದು. ಲೇಖನಿಯ ಶೌರ್ಯಕ್ಕೆ ಹಾಗಲ್ಲ. ಇದೇ ನಮ್ಮ ಆಕ್ಷೇಪಣೆ. 1820ರಲ್ಲಿ ಫೆರೊಲ್ ಪಟ್ಟಣದಲ್ಲಿ ಹುಟ್ಟಿದ ಕೊನ್ಸೆಪ್ಸಿಯೊನ್ ಅರೆನಾಲಳು ಮಾದ್ರಿದಿನಲ್ಲಿ ನ್ಯಾಯಶಾಸ್ತ್ರದ ಪಾಠಗಳನ್ನು ಕೇಳಬೇಕಾದರೆ ಗಂಡಸಿನ ಉಡುಪನ್ನು ತೊಡಬೇಕಾಯಿತು. ದಾನಧರ್ಮವನ್ನು ಕುರಿತ ತನ್ನ ಪ್ರಬಂಧವನ್ನು ಎಳೆಯ ಮಗನ ಹೆಸರಿನಲ್ಲಿ ವಿದ್ವತ್ಪರಿಷತ್ತಿಗೆ ಕಳುಹಬೇಕಾಯಿತು, ಬಹುಮಾನವೇನೋ ಬಂದಿತು. ಮುಂದೆ ಹೆಂಗಸರ ಸೆರೆಮನೆಗಳ ಪರೀಕ್ಷಕಳಾಗಿ, ಅಪರಾಧವನ್ನು ದ್ವೇಷಿಸಿದರೂ ಅಪರಾಧಿಯನ್ನು ಕನಿಕರದಿಂದ ಕಾಣಬೇಕೆಂದು ಸಾರಿದವಳೀಕೆ. ಕಾದಂಬರಿಗಾರ್ತಿ ಎಮಿಲಿಯಾ ಪಾರ್ದೊ ಬಾಸಾನಳಿಗಂತೂ ಸ್ಪೇನಿನ ಭಾಷಾ ಅಕಾಡೆಮಿಯು ಕಡೆಯವರೆಗೂ ಬಾಗಿಲು ತೆರೆಯಲಿಲ್ಲ.

ಆದರೆ ಇವೆಲ್ಲ ಹೊರಗಿನವರು ಹಾಕಿದ ಅಗುಳಿಗಳು. ರೊಸಾಲಿಯಾ ದೆ ಕಾಸ್ತ್ರೊಳ ಕಥೆಯು ಇದಕ್ಕಿಂತ ನೋವಿನದು. ಗಲೀಸಿಯಾದ ನುಡಿಯು ಮಧ್ಯಯುಗದಲ್ಲಿ ಕವಿಗಳ ನುಡಿಯಾಗಿತ್ತು. ಆಮೇಲೆ ಕಾಸ್ತಿಲಿಯನ್ ಭಾಷೆಯ ದರ್ಪದಡಿಯಲ್ಲಿ ಶತಮಾನಗಳ ಕಾಲ ಹೊಲಕ್ಕೂ ಅಡಿಗೆಮನೆಗೂ ಇಳಿದಿತ್ತು. ಅದನ್ನು ಆಡುವುದೇ ನಾಚಿಕೆಯೆಂದು ಪಟ್ಟಣದ ಸಭ್ಯರು ಬಗೆದಿದ್ದ ಕಾಲದಲ್ಲಿ, 1863ರಲ್ಲಿ, ಇಪ್ಪತ್ತಾರು ವಯಸ್ಸಿನ ಈಕೆ ಆ ನುಡಿಯಲ್ಲಿಯೇ ಒಂದು ಇಡಿಯ ಕವನಸಂಗ್ರಹವನ್ನು ಅಚ್ಚುಮಾಡಿಸಿದಳು. ವ್ಯಾಕರಣವಿಲ್ಲ, ಪಾಠಶಾಲೆಯಿಲ್ಲ, ಹಳ್ಳಿಗರ ಬಾಯಿಯೇ ಆಕೆಯ ಗುರುಕುಲ. 1880ರ ಎರಡನೆಯ ಸಂಗ್ರಹದಲ್ಲಿ, ಬಡತನದಿಂದ ಕಡಲಾಚೆಯ ಅಮೆರಿಕಕ್ಕೆ ವಲಸೆಹೋದ ಗಂಡಂದಿರನ್ನು ಕಾಯುತ್ತ ಕುಳಿತ ಹೆಂಗಸರ ಗೋಳನ್ನು ಹಾಡಿದಳು. ಗಂಡನು ಬದುಕಿದ್ದೂ ವೈಧವ್ಯ!

ಇಂಥವಳಿಗೆ ಸ್ವಜನರು ಕೊಟ್ಟುದೇನು? ಕಡಲತಡಿಯ ಹಳೆಯ ಪದ್ಧತಿಯೊಂದನ್ನು ಕುರಿತು 1881ರಲ್ಲಿ ಆಕೆ ಮಾದ್ರಿದಿನ ಪತ್ರಿಕೆಯಲ್ಲಿ ಬರೆದುದೇ ತಡ, ಪ್ರಾಂತದ ಮಾನ ಹೋಯಿತೆಂದು ಗಲೀಸಿಯಾದ ಪತ್ರಿಕೆಗಳೇ ಆಕೆಯ ಮೇಲೆ ಬಿದ್ದವು. ಹಾಡಿ ಹೊಗಳುವವಳು ಬೇಕು, ಇದ್ದುದನ್ನು ಇದ್ದಂತೆ ಹೇಳುವವಳು ಬೇಡ. ಇದನ್ನು ನಾಡಭಿಮಾನವೆಂದು ನಾವು ಒಪ್ಪಲಾರೆವು. ಮನನೊಂದ ಆಕೆ ಇನ್ನು ಈ ನುಡಿಯಲ್ಲಿ ಬರೆಯೆನೆಂದು ಪತಿಗೆ ತಿಳಿಸಿದಳು. 1884ರ ಕೊನೆಯ ಕವನಸಂಗ್ರಹವು ಕಾಸ್ತಿಲಿಯನ್ ಭಾಷೆಯಲ್ಲಿದೆ. ಮರುವರ್ಷ ಪಾದ್ರೊನ್ ಎಂಬ ಊರಿನಲ್ಲಿ ಅರ್ಬುದರೋಗದಿಂದ ತೀರಿಕೊಂಡಳು.

ಮೊದಲ ಸಂಗ್ರಹಕ್ಕೆ ನೂರು ತುಂಬಿದ 1963ರಿಂದ ಗಲೀಸಿಯಾದವರು ಪ್ರತಿವರ್ಷವೂ ಮೇ 17ನ್ನು ತಮ್ಮ ಸಾಹಿತ್ಯದಿನವೆಂದು ಆಚರಿಸುತ್ತಿದ್ದಾರೆ, ಸಂತೋಷವೇ. ಅದಕ್ಕೂ ಬಹು ಮೊದಲು, 1891ರಲ್ಲಿಯೇ, ಆಕೆಯ ಅಸ್ಥಿಗಳನ್ನು ಸಾಂತಿಯಾಗೊ ನಗರಕ್ಕೆ ಗೌರವದಿಂದ ತಂದು ಮರಳಿ ಸಮಾಧಿಮಾಡಿದರು. ಹತ್ತು ವರ್ಷಗಳ ಹಿಂದೆ ಆಕೆಯನ್ನು ಹಳಿದಿದ್ದ ಪತ್ರಿಕಾಕರ್ತರೂ ಅಂದು ತಲೆಬಾಗಿ ನಿಂತಿದ್ದರೇ ಎಂದು ಕೇಳಬೇಕೆನಿಸುತ್ತದೆ.