ಪ್ರತಿಭೆ ಇತ್ತು, ಚಡ್ಡಿ ಇರಲಿಲ್ಲ

ಸಿಯಾ ಕೊಲಿಸಿ ಎಂಬ ಹೆಸರು ನಮ್ಮಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ಕ್ರಿಕೆಟ್ ಬಿಟ್ಟು ಬೇರೆ ಆಟದತ್ತ ನಮ್ಮ ಕಣ್ಣು ಹೋಗುವುದೇ ಕಡಿಮೆ. ದಕ್ಷಿಣ ಆಫ್ರಿಕಾದ ರಗ್ಬಿ ತಂಡಕ್ಕೆ 2019 ಮತ್ತು 2023ರಲ್ಲಿ ಸತತ ಎರಡು ವಿಶ್ವಕಪ್ ಗೆದ್ದುಕೊಟ್ಟ ನಾಯಕ ಅವರು. 1891ರಿಂದ ಟೆಸ್ಟ್ ಆಡುತ್ತಿರುವ ಆ ತಂಡ, ಕಪ್ಪುವರ್ಣೀಯ ಆಟಗಾರನೊಬ್ಬನಿಗೆ ಟೆಸ್ಟ್ ನಾಯಕತ್ವ ಕೊಟ್ಟದ್ದು 2018ರಲ್ಲಿ. ಆ ಮೊದಲಿಗರೇ ಕೊಲಿಸಿ.

ಅವರ ಬದುಕು ಸ್ಫೂರ್ತಿ ತುಂಬುವ ವಿಡಿಯೊಗಳಿಗೆ ಹೇಳಿ ಮಾಡಿಸಿದಂತಿದೆ. ಪೋರ್ಟ್ ಎಲಿಜಬೆತ್‌ನ ಹೊರವಲಯದ ಜ್ವಿಡೆ ಎಂಬ ಬಡವರ ಬಡಾವಣೆಯಲ್ಲಿ 1991ರಲ್ಲಿ ಜನನ. ಅಜ್ಜಿಯ ಆಸರೆ. ಆಟಿಕೆ ಇಲ್ಲದೆ ಇಟ್ಟಿಗೆಯನ್ನೇ ಕಾರು ಮಾಡಿಕೊಂಡ ಬಾಲ್ಯ. ಹಸಿವು ನಿತ್ಯದ ಸಂಗಾತಿ. ಕೊನೆಗೆ ‘ಛಲವಿದ್ದರೆ ಬಡತನ ಅಡ್ಡಿಯಲ್ಲ’ ಎಂಬ ಸಾಲು ಸೇರಿಸಿದರೆ ವಿಡಿಯೊ ಸಿದ್ಧ.

ನನ್ನ ತಕರಾರು ಇರುವುದೇ ಆ ಸಾಲಿನ ಬಗ್ಗೆ. ಬಡತನ ಅಡ್ಡಿಯಾಗಿತ್ತು. ಎಷ್ಟರಮಟ್ಟಿಗೆ ಎಂದರೆ, ಕಿರಿಯರ ಆಯ್ಕೆ ಪಂದ್ಯಕ್ಕೆ ಆಟದ ಚಡ್ಡಿಯಿಲ್ಲದೆ ಆ ಹುಡುಗ ಒಳಚಡ್ಡಿಯಲ್ಲೇ ಆಡಿದ್ದ. ಮುಂದೆ, 12ನೇ ವಯಸ್ಸಿನಲ್ಲಿ, ಪ್ರತಿಷ್ಠಿತ ಗ್ರೇ ಶಾಲೆಯಲ್ಲಿ ಓದಲು ವಿದ್ಯಾರ್ಥಿವೇತನ ಸಿಕ್ಕಿತು. ಬದುಕು ತಿರುಗಿದ್ದು ಅಲ್ಲಿ. ಆ ಶಾಲೆಗೆ ಹೋಗದಿದ್ದರೆ ತನಗೆ ಸರಿಯಾದ ಊಟವಾಗಲೀ ದೇಹದ ಬೆಳವಣಿಗೆಯಾಗಲೀ ಉಳಿದ ಹುಡುಗರಿಗೆ ಸಿಕ್ಕ ತಯಾರಿಯಾಗಲೀ ಸಿಗುತ್ತಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ರಗ್ಬಿ ಮೈಕಟ್ಟಿನ ಆಟ. ಹೊಟ್ಟೆಗಿಲ್ಲದವನು ಛಲವೊಂದನ್ನೇ ನಂಬಿ ಅಲ್ಲಿ ನಿಲ್ಲಲಾರ.

ಇನ್ನೊಂದು ಸಂಗತಿ ನನಗೆ ಹೆಚ್ಚು ತಟ್ಟಿತು. ಆ ಶಾಲೆಗೆ ಬಂದಾಗ ಕೊಲಿಸಿಗೆ ಇಂಗ್ಲಿಷ್ ಹೆಚ್ಚು ಕಡಿಮೆ ಬರುತ್ತಲೇ ಇರಲಿಲ್ಲ, ಮನೆಮಾತು ಖೋಸಾ. ಸಹಪಾಠಿಯೊಬ್ಬ ಇಂಗ್ಲಿಷ್ ಕಲಿಸಿದ, ಬದಲಿಗೆ ಇವರು ಅವನಿಗೆ ಖೋಸಾ ಕಲಿಸಿದರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಿಇಗೆ ಬಂದ ನನ್ನಂಥವರಿಗೆ ಇದರ ಬೆಲೆ ಗೊತ್ತು. ಲೆಕ್ಕ ಬರುತ್ತದೆ, ಕೋಡಿಂಗ್ ಬರುತ್ತದೆ, ಗ್ರೂಪ್ ಡಿಸ್ಕಷನ್‌ನಲ್ಲಿ ಮಾತ್ರ ಬಾಯಿ ಕಟ್ಟುತ್ತದೆ. ಆಗ ‘ಆತ್ಮವಿಶ್ವಾಸ ಸಾಲದು’ ಎಂಬ ಷರಾ ಬೀಳುತ್ತದೆ. ಸಾಲದಿರುವುದು ಆತ್ಮವಿಶ್ವಾಸವೋ, ಪಕ್ಕದಲ್ಲಿ ಕೂತು ಹೇಳಿಕೊಡುವವರೋ?

ಹಾಗಾದರೆ ಪರಿಶ್ರಮಕ್ಕೆ ಬೆಲೆ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ವಿದ್ಯಾರ್ಥಿವೇತನ ಪಡೆದವರೆಲ್ಲ ನಾಯಕರಾಗುವುದಿಲ್ಲ. ಕೊಲಿಸಿ 2013ರಲ್ಲಿ ರಾಷ್ಟ್ರೀಯ ತಂಡ ಸೇರಿದರು, ನಾಯಕರಾದದ್ದು ಐದು ವರ್ಷದ ಬಳಿಕ. ನಾಯಕರಾಗಿ ಆಡಿದ ಮೊದಲ ಟೆಸ್ಟ್‌ನಲ್ಲಿ ಇಂಗ್ಲೆಂಡ್ ಎದುರು 3–24ರಿಂದ ಹಿಂದಿದ್ದ ತಂಡ 42–39ರಿಂದ ಗೆದ್ದಿತು. 2023ರ ಏಪ್ರಿಲ್‌ನಲ್ಲಿ ಮೊಣಕಾಲಿಗೆ ತೀವ್ರ ಪೆಟ್ಟಾಯಿತು. ಆಗಸ್ಟ್‌ನಲ್ಲಿ ಮತ್ತೆ ಮೈದಾನಕ್ಕಿಳಿದರು. ಆ ವಿಶ್ವಕಪ್‌ನ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ ತಂಡ ಗೆದ್ದದ್ದು ಒಂದೊಂದೇ ಅಂಕದಿಂದ. ಫೈನಲ್‌ನಲ್ಲಿ ಹಳದಿ ಕಾರ್ಡ್ ಪಡೆದು ನಾಯಕರೇ ಹತ್ತು ನಿಮಿಷ ಹೊರಗೆ ಕೂತಿದ್ದರು. ಆಗ ತಂಡವನ್ನು ಕಾದವರು ಜೊತೆಗಾರರು. ಇಷ್ಟೆಲ್ಲ ಬೆವರಿಗೆ ಫಲ ಸಿಕ್ಕಿದ್ದು ಮೊದಲು ಒಂದು ಬಾಗಿಲು ತೆರೆದದ್ದರಿಂದ.

ಅದೇ ಜ್ವಿಡೆಯಲ್ಲಿ ಅವರಷ್ಟೇ ಚೆನ್ನಾಗಿ ಆಡುತ್ತಿದ್ದು, ಯಾರ ಕಣ್ಣಿಗೂ ಬೀಳದ ಹುಡುಗರು ಇದ್ದಿರಲಾರರೇ? ಅವರಿಗೆ ಛಲ ಇರಲಿಲ್ಲ ಎಂದು ಹೇಳುವ ಹಕ್ಕು ನಮಗಿಲ್ಲ. ಬಹುಶಃ ಕೊಲಿಸಿಗೂ ಇದು ಗೊತ್ತು. 2020ರಲ್ಲಿ ಅವರು ತಮ್ಮ ಹೆಸರಿನ ಪ್ರತಿಷ್ಠಾನ ಆರಂಭಿಸಿದಾಗ, ಕೋವಿಡ್ ಕಾಲದಲ್ಲಿ ಹಸಿದವರಿಗೆ ಅದು ಕೊಟ್ಟದ್ದು ಉಪದೇಶವನ್ನಲ್ಲ, ಆಹಾರದ ಪೊಟ್ಟಣಗಳನ್ನು.

ಗೆಳೆಯರೇ, ಫೀಸು ಕಟ್ಟುವ ದಿನ ಮುಗಿದ ಮೇಲೆ ಕೈಸೇರುವ ವಿದ್ಯಾರ್ಥಿವೇತನ ಬಾಗಿಲು ತೆರೆಯುವುದಿಲ್ಲ. ಅದು ಸಮಯಕ್ಕೆ ಬರಲಿ ಎಂದು ಕೇಳುವುದು ಭಿಕ್ಷೆಯಲ್ಲ. ಇನ್ನೊಂದು ಕೆಲಸಕ್ಕಂತೂ ಯಾರ ಅನುಮತಿಯೂ ಬೇಡ. ಇಂಗ್ಲಿಷ್ ಸಲೀಸಾಗಿ ಬರುವವರು ಪ್ಲೇಸ್‌ಮೆಂಟ್‌ಗೆ ಮುಂಚೆ ವಾರಕ್ಕೆರಡು ಸಂಜೆ, ಬಾರದ ಸಹಪಾಠಿಯ ಜೊತೆ ಕೂತರೆ ಸಾಕು. ಅವರಿಂದ ಕಲಿಯುವುದೂ ಇರುತ್ತದೆ. ಗ್ರೇ ಶಾಲೆಯ ಆ ಹುಡುಗ ಖೋಸಾ ಕಲಿತನಲ್ಲ, ಹಾಗೆ.